ಪೂರ್ತಿ ಪವರ್‌ಗೆ ಏರಿಸಿದ ಕೈ

ನಾಗರತ್ನ, ಆ ಸೆಟ್ಟಿಂಗ್ ಮುಟ್ಟಿದವನು ನಾನು. ಲಕ್ಕಪ್ಪ ಸತ್ತದ್ದು ನೀನು ಹಾಕಿದ ಡಬ್ಬಿಗಳಿಂದಲ್ಲ, ನನ್ನ ಕೈಯಿಂದ. ನೀನು ಎಲ್ಲರ ಎದುರಿಗೆ ನನ್ನನ್ನು ನೇರವಾಗಿ ಕೇಳಿದೆ. ನಾನು ಇಲ್ಲ ಎಂದೆ. ಆ 'ಇಲ್ಲ'ವನ್ನು ಇಷ್ಟು ವರ್ಷ ಹೇಗೆ ಹೊತ್ತೆ ಎಂದು ಬರೆಯಲು ಕೂತರೆ — ಬರೆಯಲು ಏನೂ ಇಲ್ಲ. ಹೊತ್ತವಳು ನೀನು, ನಾನಲ್ಲ.

ಇದನ್ನು ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಅದಕ್ಕಾಗಿ ನಿನಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ.

ನಾನು ಗುಬ್ಬಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮೈಕ್‌ಸೆಟ್ ಅಂಗಡಿ ಇಟ್ಟೆ. ಮದುವೆ, ನಾಟಕ, ಚುನಾವಣೆ ಎಲ್ಲಕ್ಕೂ ನನ್ನದೇ ಹಾರನ್ನು. ಮೈಕ್ ಸಿದ್ದಣ್ಣ ಎಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ನಮ್ಮ ಕಸುಬಿನಲ್ಲಿ ಹಿಂದಿನ ಸಾಲಿನವನು ಕೇಳಿಸುತ್ತಿಲ್ಲ ಎಂದು ಕೈಯೆತ್ತಿದರೆ ಸೌಂಡ್ ಏರಿಸಬೇಕು. ಆಗಲೂ ಕೇಳಿಸದಿದ್ದರೆ ಮರಕ್ಕೆ ಇನ್ನೊಂದು ಹಾರನ್ ಕಟ್ಟಬೇಕು. ಬೇರೆ ವಿದ್ಯೆ ನನಗೆ ಬರುತ್ತಿರಲಿಲ್ಲ. ಡಿಜೆ ಸೆಟ್ಟುಗಳು ಬಂದು ಅಂಗಡಿ ಮುಚ್ಚಿದ ಮೇಲೆ ಹಿರೇಹಳ್ಳಿಯ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದೆ.

ಫ್ಯಾಕ್ಟರಿಯ ಅಂಗಳ ದೊಡ್ಡದು. ಬಾಯ್ಲರ್ ಒಂದು ತುದಿಗೆ, ಅದರ ಹಿಂದೆ ಕರಟ ತುಂಬಿದ ಮೂಟೆಗಳ ಗೋಡೌನು. ಬಾಯ್ಲರಿಗೆ ಕರಟ ಹಾಕುವವನು ಅಲ್ಲಿ ಒಬ್ಬನೇ ಇರುತ್ತಿದ್ದ — ಲಕ್ಕಪ್ಪ, ನನ್ನ ಗುಬ್ಬಿಯ ಕಡೆಯವನೇ. ಒಬ್ಬೊಬ್ಬರೇ ಕೆಲಸ ಮಾಡುವವರ ಕೊರಳಿಗೆ ಒಂದು ಗುಂಡಿ ಕಟ್ಟಬೇಕು, ಅಪಾಯವಾದರೆ ಒತ್ತಬೇಕು, ಗೇಟಿನ ರೂಮಿನಲ್ಲಿ ಗಂಟೆ ಹೊಡೆಯಬೇಕು ಎಂದು ಮಾಲೀಕರು ವ್ಯವಸ್ಥೆ ಮಾಡಿಸಿದರು. ಅದನ್ನು ಹಾಕಲು ಬಂದವಳು ನೀನು. ಕುಣಿಗಲ್ಲಿನ ಹುಡುಗಿ, ತುಮಕೂರಿನ ಯಾವುದೋ ಕಂಟ್ರಾಕ್ಟರ್ ಹತ್ತಿರ ಕೆಲಸಕ್ಕಿದ್ದೆ. ಕಂಬ ಹತ್ತಿ ನೀನೇ ವೈಫೈ ಡಬ್ಬಿ ಬಿಗಿಯುತ್ತಿದ್ದುದನ್ನು ನಾವೆಲ್ಲ ಕೆಲಸ ಬಿಟ್ಟು ನೋಡಿದ್ದೆವು.

ಆ ಡಬ್ಬಿಗಳ ಜಾಲಕ್ಕೆ ಮೆಶ್ ಎಂದು ಹೆಸರು; ಅದೇನೆಂದು ನೀನೇ ನನಗೆ ಬಿಡಿಸಿ ಹೇಳಿದೆ. ಇಟ್ಟಿಗೆಯನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವಂತೆ ಒಂದು ಡಬ್ಬಿ ಪಕ್ಕದ ಡಬ್ಬಿಗೆ ಸುದ್ದಿ ದಾಟಿಸುತ್ತದೆ, ತಂತಿ ಬೇಕಿಲ್ಲ. ಯಾವ ಚಾನೆಲ್‌ನಲ್ಲಿ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು ಎಂಬುದನ್ನು ಅವು ಅಕ್ಕಪಕ್ಕದ ಗದ್ದಲ ಕೇಳಿಕೊಂಡು ತಾವೇ ಗೊತ್ತುಮಾಡುತ್ತವೆ. ಅದಕ್ಕೆ ಆಟೋ ಎಂದು ಹೆಸರು. "ಆಟೋದಲ್ಲೇ ಬಿಡಿ ಸಿದ್ದಣ್ಣ," ಎಂದೆ. "ಏನಾದ್ರೂ ಬದಲಾಯಿಸಲೇಬೇಕಾದ್ರೆ ನಂಗೊಂದು ಫೋನ್ ಮಾಡಿ. ಆಮೇಲೆ ಮೂಲೆಮೂಲೆಗೂ ಹೋಗಿ ಗುಂಡಿ ಒತ್ತಿ ನೋಡಿ." ಅಗತ್ಯಕ್ಕಿರಲಿ ಎಂದು ನನಗೆ ಪಾಸ್‌ವರ್ಡನ್ನೂ ಕೊಟ್ಟೆ. ನಂಬಿ ಕೊಟ್ಟೆ.

ಲಕ್ಕಪ್ಪ ಗುಂಡಿ ಕಟ್ಟಿಕೊಳ್ಳಲು ಒಪ್ಪಲಿಲ್ಲ. "ಏನ್ಲಾ ಸಿದ್ದ, ಮೇಯಾಕ್ ಬುಟ್ಟಿರೋ ಹಸೀಗೆ ಗಂಟೆ ಕಟ್ದಂಗೆ ಕಟ್ತೀಯ," ಎಂದು ನಕ್ಕ. ನಾನೇ ಅವನ ಕೊರಳಿಗೆ ಹಾಕಿದೆ. "ಒತ್ತಿದ್ರೆ ಸಾಕು ಕಣೋ, ಎಲ್ಲಿದ್ರೂ ಓಡ್ಬರ್ತೀನಿ," ಎಂದೆ.

ಅದೇ ಡಬ್ಬಿಗಳ ಮೇಲೆ ಕ್ಯಾಮೆರಾ ಚಿತ್ರವೂ ಹೋಗುತ್ತಿತ್ತು. ಮಾಲೀಕರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುವರು. ಪಕ್ಕದ ಫ್ಯಾಕ್ಟರಿಯ ವೈಫೈ ಗದ್ದಲ ಹೆಚ್ಚಾದಾಗ ನಮ್ಮ ಡಬ್ಬಿಗಳು ಚಾನೆಲ್ ಬದಲಿಸಿಕೊಳ್ಳುತ್ತಿದ್ದವು, ಆಗ ಚಿತ್ರ ಒಂದಿಷ್ಟು ಹೊತ್ತು ನಿಂತುಬಿಡುತ್ತಿತ್ತು. ಅಷ್ಟೇ. ಆದರೆ ಮಾಲೀಕರು ಎಲ್ಲರ ಮುಂದೆ, ಇದಕ್ಕಿಂತ ನಿಮ್ಮ ಹಳೇ ಮೈಕ್‌ಸೆಟ್ಟೇ ವಾಸಿ ಬಿಡಿ ಸಿದ್ದಣ್ಣ, ಕಿರುಗುಟ್ಟಿದರೂ ನಿಲ್ಲುತ್ತಿರಲಿಲ್ಲ ಎಂದರು. ಎಲ್ಲರೂ ನಕ್ಕರು. ಲಕ್ಕಪ್ಪನೂ ನಕ್ಕ.

ನಿನಗೆ ಫೋನ್ ಮಾಡಬಹುದಿತ್ತು. ನಂಬರು ಮೊಬೈಲಿನಲ್ಲೇ ಇತ್ತು. ಮಗಳ ವಯಸ್ಸಿನವಳನ್ನು ಮತ್ತೆ ಕೇಳುವುದೇ ಎಂಬ — ಇಲ್ಲ, ಅದಕ್ಕೆ ಒಳ್ಳೆಯ ಹೆಸರಿಡುವುದಿಲ್ಲ. ಅಹಂಕಾರ. ಪಾಸ್‌ವರ್ಡ್ ಹೊಡೆದು ಒಳಗೆ ಹೋದೆ. ಆಟೋ ತೆಗೆದೆ. ಎಲ್ಲ ಡಬ್ಬಿಗಳನ್ನೂ ಒಂದೇ ಚಾನೆಲ್‌ಗೆ ಕಟ್ಟಿದೆ, ಪವರ್ ಎಷ್ಟಿತ್ತೋ ಅಷ್ಟಕ್ಕೂ ಏರಿಸಿದೆ. ಹಾರನ್ ಏರಿಸಿದ ಹಾಗೆ. ಕ್ಯಾಮೆರಾ ಚಿತ್ರ ಆಮೇಲೆ ಒಮ್ಮೆಯೂ ತಡೆದು ನಿಲ್ಲಲಿಲ್ಲ. ನನ್ನ ಮೊಬೈಲಿನಲ್ಲಿ ಎಲ್ಲಿ ನಿಂತರೂ ಸಿಗ್ನಲ್ ಗೀಟುಗಳು ಪೂರ್ತಿ. ಮಾಲೀಕರು ಬೆನ್ನು ತಟ್ಟಿದರು, ಸಿದ್ದಣ್ಣ ಕೈ ಹಾಕಿದರೆ ಮುಗಿಯಿತು ಎಂದರು. ಮೂಲೆಮೂಲೆಗೆ ಹೋಗಿ ಗುಂಡಿ ಒತ್ತಿ ನೋಡಲಿಲ್ಲ. ಮೈಕ್ ಕಟ್ಟುತ್ತಿದ್ದ ಕಾಲದಲ್ಲಿ ಕೂಡ ಕೊನೆಯ ಸಾಲಿಗೆ ನಡೆದುಹೋಗಿ ಕಿವಿಗೊಟ್ಟು ಬರುತ್ತಿದ್ದೆ. ಇಲ್ಲಿ ಅದನ್ನೂ ಮಾಡಲಿಲ್ಲ.

ಆ ದಿನ ಊಟದ ಹೊತ್ತು. ಗೇಟಿನ ರೂಮಿನಲ್ಲಿ ಗಂಟೆಯ ಕೆಳಗೇ ಕೂತು ಮುದ್ದೆ ಮುರಿಯುತ್ತಿದ್ದೆ. ವಾಚ್‌ಮನ್‌ಗೆ ಪರದೆ ತೋರಿಸಿ, ಹೆಂಗಿದೆ ನೋಡು ಚಿತ್ರ, ನೊಣ ಕೂತರೂ ಕಾಣುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಗೋಡೌನಿನ ಒಳಗೆ ಕ್ಯಾಮೆರಾ ಇರಲಿಲ್ಲ. ಬಾಯ್ಲರ್ ತಣ್ಣಗಾಗುತ್ತಿದೆ, ಲಕ್ಕಪ್ಪ ಎಲ್ಲಿ ಹೋದ ಎಂದು ಯಾರೋ ಕೂಗಿದ ಮೇಲೆ ನಾನು ಎದ್ದು ಹೋದದ್ದು.

ಮಾಡಿನವರೆಗೆ ಒಟ್ಟಿದ್ದ ಮೂಟೆಗಳ ಸಾಲು ಕುಸಿದು ಅವನ ಎದೆಯ ಮೇಲೆ ಬಿದ್ದಿತ್ತು. ಮೊದಲು ಕಂಡದ್ದು ಒಂದು ಕೈ. ಮೂಟೆ ಎಳೆದು ಹಾಕಿದೆವು, ನಾನೇ ಅವನನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ತಂದೆ. ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ಗುಂಡಿ ಅವನ ಮುಷ್ಟಿಯೊಳಗಿತ್ತು, ಹೆಬ್ಬೆರಳು ಅದರ ಮೇಲೇ ಇತ್ತು. ಸುದ್ದಿ ಮುಟ್ಟಿದರೆ ಹಸಿರು ದೀಪ, ಮುಟ್ಟದಿದ್ದರೆ ಕೆಂಪು ಎಂದು ನೀನು ಹೇಳಿದ್ದೆ. ಕೆಂಪು ಮಿನುಗುತ್ತಲೇ ಇತ್ತು. ಬೆರಳು ಬಿಡಿಸಿ ತೆಗೆದುಕೊಂಡೆ. ಬೇಗ ಹೊರಗೆ ತಂದಿದ್ದರೆ ಉಳಿಯುತ್ತಿದ್ದ ಎಂದರು ಡಾಕ್ಟರು.

ಆಸ್ಪತ್ರೆಯಿಂದ ಎಲ್ಲರಿಗಿಂತ ಮೊದಲು ವಾಪಸು ಬಂದವನು ನಾನು. ಬಂದು ಮಾಡಿದ ಕೆಲಸ ಏನು ಗೊತ್ತೆ — ಎಲ್ಲವನ್ನೂ ಮತ್ತೆ ಆಟೋಗೆ ಹಾಕಿದೆ. ಆಮೇಲೆ ಅವನ ಗುಂಡಿಯನ್ನು ಹಿಡಿದು ಅದೇ ಗೋಡೌನಿಗೆ ಹೋಗಿ ಒತ್ತಿದೆ. ಹಸಿರು. ದೂರದಲ್ಲಿ ಗಂಟೆ ಹೊಡೆಯಿತು.

ಮಾರನೆಯ ದಿನ ನೀನು ಬಂದೆ. ಒಂದೊಂದು ಡಬ್ಬಿಯನ್ನೂ ನೋಡಿದೆ, ಎಲ್ಲ ಸರಿಯಾಗಿತ್ತು. ಮಾಲೀಕರ ರೂಮಿನಲ್ಲಿ ನಿನ್ನ ಕಂಟ್ರಾಕ್ಟರ್, ಮ್ಯಾನೇಜರ್, ನಾನು. ನೀನು ಮೆಲ್ಲಗೆ, ಯೋಚಿಸಿ ಹೇಳಿದೆ. ಗುಂಡಿ ಒತ್ತಿದರೂ ಗಂಟೆ ಹೊಡೆಯದಿರಬೇಕಾದರೆ ಒಂದೇ ದಾರಿ: ಯಾರಾದರೂ ಎಲ್ಲ ಡಬ್ಬಿಗಳನ್ನೂ ಒಂದೇ ಚಾನೆಲ್‌ನಲ್ಲಿ ಪೂರ್ತಿ ಪವರ್‌ಗೆ ಇಟ್ಟಿರಬೇಕು. ಆಗ ಗುಂಡಿ ಪಕ್ಕದ ಡಬ್ಬಿಯನ್ನು ಬಿಟ್ಟು ದೂರದಲ್ಲಿ ಜೋರಾಗಿ ಕೂಗುವುದನ್ನು ಹಿಡಿದುಕೊಳ್ಳುತ್ತದೆ. ಅದರ ಕೂಗು ಗುಂಡಿಗೆ ಕೇಳಿಸುತ್ತದೆ. ಗುಂಡಿಯ ಸಣ್ಣ ದನಿ ಅಷ್ಟು ದೂರ ಮುಟ್ಟುವುದಿಲ್ಲ, ಉಳಿದವುಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನಾನು ಮಾಡಿದ್ದೇನು ಎಂದು ನನಗೆ ತಿಳಿದದ್ದು ಆಗ, ನಿನ್ನ ಬಾಯಿಂದ. ಆಮೇಲೆ ನನ್ನ ಕಡೆ ತಿರುಗಿದೆ.

"ಸಿದ್ದಣ್ಣ, ನೀವೇನಾದ್ರೂ ಸೆಟ್ಟಿಂಗ್ ಮುಟ್ಟಿದ್ರಾ?"

"ಇಲ್ಲ ಕಣಮ್ಮ. ಅದೆಲ್ಲ ನಂಗೇನ್ ಗೊತ್ತು. ಮೈಕ್ ಕಟ್ಟೋನು ನಾನು."

ಮಾಲೀಕರು ಒಮ್ಮೆ ನನ್ನ ಮುಖ ನೋಡಿದರು, ಮತ್ತೆ ಮೊಬೈಲ್ ನೋಡಿದರು. ಅವರಿಗೆ ಏನು ಗೊತ್ತಿತ್ತು ಎಂಬುದು ಅವರಿಗೆ ಬಿಟ್ಟದ್ದು. ನೀನು ಮಾತ್ರ ತಲೆಯಾಡಿಸಿದೆ. ನನ್ನನ್ನು ಅನುಮಾನಿಸಲಿಲ್ಲ, ನಿನ್ನನ್ನು ನೀನೇ ಅನುಮಾನಿಸಿಕೊಂಡೆ. ಹಾಕಿದವಳ ತಪ್ಪು ಎಂದು ತೀರ್ಮಾನವಾಯಿತು. ಹಿರೇಹಳ್ಳಿಯಲ್ಲಿ ಮತ್ತೆ ಯಾರೂ ನಿನ್ನನ್ನು ಕಂಬ ಹತ್ತಿಸಲಿಲ್ಲ.

ಈಗ ಹೇಳುವುದು ಅದಕ್ಕಿಂತ ಕೆಟ್ಟದ್ದು.

ಲಕ್ಕಪ್ಪನ ಹೆಂಡತಿ ಜಯಮ್ಮ ಗುಬ್ಬಿಯ ಮನೆಯಲ್ಲಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಗಂಡನಿಗೆ ಎಡೆ ಇಡುತ್ತಾಳೆ. ಹೊಸ ಪಂಚೆ, ಅವನು ಸೇದುತ್ತಿದ್ದ ಬೀಡಿ, ಒಬ್ಬಟ್ಟು, ವಡೆ. ಎಡೆ ತೆಗೆದ ಮೇಲೆ ಮೊದಲ ಎಲೆ ನನಗೆ. "ಕೊನೇಗಳ್ಗೇಲಿ ಹೆಗಲ್ ಕೊಟ್ಟೋನು ನೀನು, ಮೊದ್ಲು ನೀನು ಕೂತ್ಕಳಣ್ಣ," ಎನ್ನುತ್ತಾಳೆ. ನಾನು ಕೂರುತ್ತೇನೆ. ಉಣ್ಣುತ್ತೇನೆ. ಪ್ರತಿ ವರ್ಷವೂ ಅದೇ ಹೊತ್ತಿಗೆ ಕುಣಿಗಲ್ಲಿನಿಂದ ನೀನು ಬರುತ್ತೀಯ. ಬಾಳೆಹಣ್ಣಿನ ಚಿಪ್ಪು ಹಿಡಿದು ರಸ್ತೆಯಾಚೆ ಹುಣಸೆಮರದ ಕೆಳಗೆ ನಿಲ್ಲುತ್ತೀಯ. ಒಳಗೆ ಕರೆಯುವುದಿಲ್ಲ ಎಂದು ಗೊತ್ತಿದ್ದೂ ಬರುತ್ತೀಯ. ಜಯಮ್ಮ ಬಾಗಿಲಿನಿಂದ ನೋಡಿ, "ಬಂದವ್ಳೆ ನೋಡಣ್ಣ. ನನ್ ತಾಳಿ ಕಿತ್ಕಂಡೋಳು ಯಾವ್ ಮಕ ಇಟ್ಕಂಡು ಬತ್ತಾಳೋ," ಎನ್ನುತ್ತಾಳೆ. ಒಂದು ವರ್ಷ ನಿನ್ನ ಕೈಯ ಹಣ್ಣನ್ನು ಕಿತ್ತು ಚರಂಡಿಗೆ ಎಸೆದಳು. ನೀನು ತಲೆ ತಗ್ಗಿಸಿ ನಿಂತಿದ್ದೆ. ನನ್ನ ಎಲೆಯ ಮೇಲೆ ಆಗ ತಾನೆ ಪಾಯಸ ಬಡಿಸಿದ್ದರು — ನಾನು ಎಲೆ ಬಿಟ್ಟು ಏಳಲಿಲ್ಲ.

ಒಮ್ಮೆ ಹೇಳಿಯೇಬಿಡುತ್ತೇನೆ ಎಂದು ಕುಣಿಗಲ್ಲಿಗೆ ಬಂದಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ನಿನ್ನ ಜೆರಾಕ್ಸ್ ಅಂಗಡಿ. ನನ್ನನ್ನು ಕಂಡು ಸ್ಟೂಲು ಹಾಕಿದೆ, ಟೀ ತರಿಸಿದೆ. ಜಯಮ್ಮ ಹೇಗಿದ್ದಾರೆ ಎಂದು ಕೇಳಿದೆ. ಆಮೇಲೆ, ಮೆಷಿನ್ನಿನ ಮುಚ್ಚಳ ಹಾಕುತ್ತ, ಅತ್ತಲೇ ನೋಡಿಕೊಂಡು ಹೇಳಿದೆ:

"ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಹುಡುಕ್ತಾನೇ ಇದೀನಿ ಸಿದ್ದಣ್ಣ. ಸಿಕ್ತಾನೇ ಇಲ್ಲ."

ನಾನು ಬಾಯಿ ತೆರೆದೆ. ಜೇಬಿನಿಂದ ಆಧಾರ್ ಕಾರ್ಡ್ ತೆಗೆದು, ಇದೊಂದು ಜೆರಾಕ್ಸ್ ಮಾಡಿಕೊಡಮ್ಮ ಎಂದೆ. ನೀನು ಮಾಡಿಕೊಟ್ಟೆ. ನಾನು ಅದನ್ನು ಮಡಿಸಿಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಹುಡುಕಬೇಡ, ತಾಯಿ. ನೀನು ಎಲ್ಲಿಯೂ ತಪ್ಪಲಿಲ್ಲ. ನೀನು ಅವತ್ತು ಆ ರೂಮಿನಲ್ಲಿ ಹೇಳಿದ್ದು ಒಂದಕ್ಷರವೂ ಬಿಡದೆ ನಿಜ.

ಹೆದರಿದೆ ಎಂದು ಬರೆಯಬಹುದು. ಕೆಲಸ ಹೋಗುತ್ತಿತ್ತು, ಕೇಸು ಆಗುತ್ತಿತ್ತು ಎನ್ನಬಹುದು. ಆದರೆ ನಿವೃತ್ತನಾದ ಮೇಲೆ ಆ ಭಯವೂ ಇರಲಿಲ್ಲ; ಆಗಲೂ ಎಲೆಯ ಮುಂದೆ ಕೂತೆ. ಕ್ಷಮಿಸು ಎಂದು ಕೇಳಲು ಈ ಬಾಯಿಗೆ —

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿದೆ. ಗುಬ್ಬಿಗೆ ಬೆಳಗಿನ ಬಸ್ಸಿಗೇ ಹೋಗುತ್ತೇನೆ. ಎಡೆ ಇಡುವ ಮೊದಲು, ನೆಂಟರೆಲ್ಲ ಇರುವಾಗ, ಜಯಮ್ಮನಿಗೆ ಇಷ್ಟನ್ನೂ ಹೇಳುತ್ತೇನೆ. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದರೆ ಅಲ್ಲಿಯೂ ಹೇಳುತ್ತೇನೆ. ಅವಳು ನಿನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ ನಾನು ಹೇಳಲಾರೆ. ನೀನು ಬಾ. ಬಂದಾಗ ಆ ಹುಣಸೆಮರದ ಕೆಳಗೆ ನಿಲ್ಲಬೇಡ, ಅಲ್ಲಿ ನಾನು ನಿಂತಿರುತ್ತೇನೆ.