ತಡವಾಗಿ ಬಂದ ಪೆಟ್ಟು

ಗುರುವಾಯನಕೆರೆಯ ಒಂದು ಮನೆಗೆ ಟಿವಿಯ ಕೇಬಲ್ ಬಾಕ್ಸ್ ನೋಡಲು ಹೋಗಿದ್ದೆ. ಮನೆಯ ಯಜಮಾನರು ಯಕ್ಷಗಾನದಲ್ಲಿ ಮದ್ದಳೆ ಬಾರಿಸುವವರು. ಅವರದೇ ಆಟದ ರೆಕಾರ್ಡಿಂಗ್ ಲೋಕಲ್ ಚಾನೆಲಿನಲ್ಲಿ ಬರುತ್ತಿತ್ತು, ನೋಡಲು ನೆಂಟರೆಲ್ಲ ಸೇರಿದ್ದರು.

“ನೋಡಿ ಮಾರಾಯ್ರೆ, ಕೈ ಬಿದ್ದ ಮೇಲೆ ಶಬ್ದ ಬರ್ತದೆ. ನನಗೆ ತಾಳವೇ ಗೊತ್ತಿಲ್ಲ ಅಂತ ಎಣಿಸ್ತಾರೆ ಇವರು!”

ನನಗಂತೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅರ್ಧಕ್ಕೆ ಬಿಟ್ಟು ಹೋಗುವ ಜಾಯಮಾನ ನನ್ನದಲ್ಲ. ವಯರ್ ಬದಲಿಸಿದೆ, ಬಾಕ್ಸನ್ನೇ ಬದಲಿಸಿದೆ.

“ಇನ್ನೂ ಉಂಟು,” ಅಂದರು.

ಸರಿಮಾಡದೆ ಏಳುವುದೇ ಇಲ್ಲ ಅಂತ ನೆಲದಲ್ಲಿ ಕೂತೆ. ಒಂದು ಗಂಟೆ ಹುಡುಕಿದ ಮೇಲೆ ಟಿವಿಯ ಸೆಟ್ಟಿಂಗಿನ ಮೂಲೆಯಲ್ಲಿ ಸಿಕ್ಕಿತು: ಶಬ್ದ ಸ್ವಲ್ಪ ತಡವಾಗಿ ಬರುವ ಹಾಗೆ ಯಾರೋ ಇಟ್ಟಿದ್ದರು. ಅದನ್ನು ಸೊನ್ನೆ ಮಾಡಿದೆ. ಕೈಯೂ ಶಬ್ದವೂ ಒಂದಾದವು.

ಯಜಮಾನರು ಖುಷಿಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದರು. ಐದು ನಿಮಿಷ ಆಗಿರಬೇಕು, ಟಿವಿಯಲ್ಲಿ ಅವರ ಪೆಟ್ಟೊಂದು ತಪ್ಪಿತು. ಈ ಸಲ ನನಗೂ ಗೊತ್ತಾಯಿತು. ತೊಡೆಯ ಮೇಲಿನ ಕೈ ಅಲ್ಲೇ ನಿಂತಿತು.

ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಅದನ್ನು ಮೊದಲಿನ ಹಾಗೇ ಇಡುವ.”

ಇಟ್ಟೆ. ನನ್ನ ರಿಪೇರಿ ಚೀಟಿಯಲ್ಲಿ ‘ದೋಷ ಸರಿಯಾಗಿದೆ’ ಎಂಬಲ್ಲಿ ಯಜಮಾನರು ಸಹಿಯನ್ನೂ ಹಾಕಿ ಕೊಟ್ಟರು.