ಬುದ್ಧಿ ಪರೀಕ್ಷೆಗೆ ನಮ್ಮ ವಠಾರದ ತಯಾರಿ

ನಾನು ದಡ್ಡಿ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಉಳಿದ ಎಲ್ಲದಕ್ಕೂ ಜಗಳವಾಡುತ್ತಿದ್ದ ಆಯಿ ಮತ್ತು ಅವ್ವ ಇದೊಂದರಲ್ಲಿ ಒಂದಾಗಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಎಂಬತ್ತರ ದಶಕದ ಆರಂಭ ಅದು. ಧಾರವಾಡದ ಕಡೆಯಿಂದ ಬಂದ ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಮರಗೆಲಸದ ವಿಭಾಗದಲ್ಲಿದ್ದ. ನಾನು ಐದನೆಯ ತರಗತಿಯಲ್ಲಿ ಒಮ್ಮೆ ಫೇಲಾಗಿ, ಎರಡನೆಯ ಸಲ ಫೇಲಾಗುವ ಹಾದಿಯಲ್ಲಿದ್ದೆ.

ಹಾಗೆ ನೋಡಿದರೆ ಪಾಠಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅಕ್ಕ ಸಂಜೆ ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂತರೆ ಸಾಕಿತ್ತು. ತರಗತಿಯಲ್ಲಿ ಓದಲು ಹೇಳಿದರೆ ಪುಸ್ತಕ ಹಿಡಿದು, ಕಣ್ಣನ್ನು ಸಾಲಿನ ಮೇಲೆ ಓಡಿಸುತ್ತ, ನೆನಪಿನಿಂದ ಹೇಳಿಬಿಡುತ್ತಿದ್ದೆ. ಒಂದು ದಿನ ಟೀಚರಿಗೆ ಅನುಮಾನ ಬಂದು ಬೇರೆ ಪುಟ ತೆಗೆದುಕೊಟ್ಟರು. ನಾನು ಅದನ್ನು ನೋಡುತ್ತಲೇ ಹಿಂದಿನ ಪಾಠವನ್ನು ಒಂದು ತಪ್ಪೂ ಇಲ್ಲದೆ ಓದಿದೆ. ಆ ಪುಟದಲ್ಲಿ ಇದ್ದದ್ದು ಬಾವಿ ನೀರಿನ ವಿಷಯವಂತೆ. ನಾನು ಓದಿದ್ದು ರೇಷ್ಮೆ ಹುಳು. ಮಾರನೆಯ ದಿನ ಅಪ್ಪನನ್ನು ಕರೆಸಿದರು.

"ನೋಡ್ರೀ, ಇನ್ನೊಂದ್ಸಲ ಫೇಲಾದ್ರೆ ನಾವು ಇಟ್ಕೊಳ್ಳೋಕಾಗಲ್ಲ. ಬೇರೆ ಏನಾದ್ರೂ ಕಲಿಸಿ," ಎಂದರು ಟೀಚರ್.

ಆ ಬೇರೆ ಏನಾದರೂ ಏನು ಎಂಬುದನ್ನು ಆಯಿ ಆಗಲೇ ಯೋಚಿಸಿಟ್ಟಿದ್ದಳು. ಗದಗಿನಲ್ಲಿದ್ದ ನನ್ನ ಸೋದರತ್ತೆಗೆ ಎಮ್ಮೆಗಳಿದ್ದವು, ಸೊಂಟನೋವೂ ಇತ್ತು. ನಾನು ಅಲ್ಲಿಗೆ ಹೋದರೆ ಅತ್ತೆಗೂ ಅನುಕೂಲ, ಎಮ್ಮೆಗಳಿಗೂ ಅನುಕೂಲ. ಓದದ ಮಕ್ಕಳನ್ನೆಲ್ಲ ದನ ಕಾಯೋಕೆ ಲಾಯಕ್ಕು ಎಂದು ಬೈಯುವುದುಂಟು. ನನ್ನ ಮಟ್ಟಿಗೆ ಅದು ಬೈಗುಳವಾಗಿರಲಿಲ್ಲ, ಏರ್ಪಾಡಾಗಿತ್ತು. ಶಾಲೆಯ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಅಕ್ಕನನ್ನು ಬಿಟ್ಟು ಹೋಗಬೇಕು ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಂದು ಮುಸ್ಲಿಂ ಕುಟುಂಬವಿತ್ತು. ಮನೆಯೊಳಗೆ ಉರ್ದು, ನಲ್ಲಿಯ ಹತ್ತಿರ ಕನ್ನಡ. ನಾವು ಚಾಚಿ ಎನ್ನುತ್ತಿದ್ದ ಆ ಮನೆಯಾಕೆಯ ಮಗ ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ, ಸೊಕ್ಕು ಎಂದು ದಿನಾ ಏಟು ತಿನ್ನುತ್ತಿದ್ದ. ಆರ್.ಟಿ. ನಗರದಲ್ಲಿ ಒಬ್ಬ ಮೇಡಂ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬುದ್ಧಿ ಪರೀಕ್ಷೆ ಮಾಡುತ್ತಿದ್ದರು. ಅವರು ಹುಡುಗನಿಗೆ ಒಂದೆರಡು ಪರೀಕ್ಷೆ ಮಾಡಿ ನೋಡಿ, ಮೊದಲು ಕಿವಿ ತೋರಿಸಿ ಬನ್ನಿ ಎಂದರು. ಅವನಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ. ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಅವ್ವನಿಗೆ ಹೇಳಿದವರು ಚಾಚಿಯೇ.

"ಅದು ಹುಚ್ಚರಿಗೆ ಮಾಡೂದಲ್ಲೇನ್ರಿ?" ಎಂದು ಅವ್ವ ಹೆದರಿದಳು.

"ಇಲ್ಲ ಅಕ್ಕಾ. ಕೆಂಪು ಬಿಳಿ ಕಟ್ಟಿಗೆ ತುಂಡು ಕೊಡ್ತಾರೆ, ಚಿತ್ರದಲ್ಲಿರೋ ತರ ಜೋಡಿಸ್ಬೇಕು. ನಂಬರ್ ಹೇಳ್ತಾರೆ, ಉಲ್ಟಾ ಹೇಳ್ಬೇಕು. ಅಷ್ಟೇ."

ಚಾಚಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಮ್ಮವರಿಗೆ ಮಾತ್ರ ಪ್ರಶ್ನೆಪತ್ರಿಕೆ ಸಿಕ್ಕಂತಾಯಿತು. ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಅಪ್ಪ ಕಾರ್ಖಾನೆಯಲ್ಲಿ ಬಿಸಾಡುವ ಮರದ ಚೂರುಗಳನ್ನು ತಂದು, ಒಂದೇ ಅಳತೆಗೆ ಕೊಯ್ದು, ಉಜ್ಜಿ, ಕೆಂಪು ಬಿಳಿ ಪೇಂಟ್ ಬಳಿದು ಕಾಂಪೌಂಡ್ ಗೋಡೆಯ ಮೇಲೆ ಒಣಗಿಸಿದ. ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದವನೇ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ ನಂಬರು ಕೂಗುತ್ತಿದ್ದಳು, ನಾನು ಉಲ್ಟಾ ಹೇಳುತ್ತಿದ್ದೆ. ಅಕ್ಕ ಬಾಲವಿಲ್ಲದ ಹಸು, ಚಕ್ರವಿಲ್ಲದ ಬಸ್ಸು ಬರೆದು ಏನಿಲ್ಲ ಹೇಳು ಎನ್ನುತ್ತಿದ್ದಳು. ಆಯಿ ನನ್ನ ಬಗ್ಗೆ ಭರವಸೆ ಇಟ್ಟುಕೊಳ್ಳದೆಯೇ, ನೆನಪಿಗೆ ಒಳ್ಳೆಯದೆಂದು ಒಂದೆಲಗದ ಚಟ್ನಿ ಅರೆದುಕೊಟ್ಟಳು. ಕೊನೆಕೊನೆಗೆ ನಲ್ಲಿ ಸರತಿಯಲ್ಲಿ ನಿಂತ ಹೆಂಗಸರೂ ಹಿಂದುಮುಂದಾಗಿ ನಂಬರು ಹೇಳತೊಡಗಿದರು. ಅಪ್ಪ ಆವರೆಗೆ ನನ್ನ ಓದಿನ ಹತ್ತಿರ ಸುಳಿದವನಲ್ಲ. ಅವನಿಗೆ ನನ್ನನ್ನು ಗದಗಿಗೆ ಕಳಿಸಲು ಮನಸ್ಸಿಲ್ಲ ಎಂದು ನನಗೆ ತಿಳಿದದ್ದು ಆಗ. ಅದು ತಿಳಿದ ಮೇಲೆ ಭಯ ಇನ್ನೂ ಜಾಸ್ತಿಯಾಯಿತು.

ಆರ್.ಟಿ. ನಗರದ ಮೇಡಂ ನೂಲಿನ ಸೀರೆಯುಟ್ಟ, ಸಣ್ಣ ದನಿಯ ಹೆಂಗಸು. ಅಪ್ಪನನ್ನು ವರಾಂಡದಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಮರದ ತುಂಡುಗಳನ್ನು ಸುರಿದು, ಚಿತ್ರ ತೋರಿಸಿ, ಹೊತ್ತು ಅಳೆಯುವ ಗಡಿಯಾರ ಒತ್ತುವಷ್ಟರಲ್ಲಿ ನಾನು ಜೋಡಿಸಿಬಿಟ್ಟಿದ್ದೆ. ಎರಡನೆಯ ಚಿತ್ರವೂ ಹಾಗೇ. ಮೇಡಂ ಗಡಿಯಾರ ಕೆಳಗಿಟ್ಟರು.

"ಇದನ್ನ ಎಲ್ಲಿ ಕಲಿತೆ ಮರಿ?"

"ಮನ್ಯಾಗ್ರಿ. ನಮ್ಮಪ್ಪ ಮಾಡಿಕೊಟ್ಟಾನ. ನಿಮ್ಮವಕ್ಕಿಂತ ನಮ್ಮವು ಚಲೋ ಅದಾವ್ರಿ."

ಅಪ್ಪನನ್ನು ಒಳಗೆ ಕರೆದರು. ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ ಬಂದ.

"ಜ್ವರ ನೋಡೋಕೆ ಮುಂಚೆ ಥರ್ಮಾಮೀಟರ್‌ನ ಬಿಸಿನೀರಲ್ಲಿ ಅದ್ದಿದ ಹಾಗೆ ಮಾಡಿದೀರಲ್ರೀ," ಎಂದರು ಮೇಡಂ.

"ಹಂಗಾರ ಫೇಲೇನ್ರಿ ಇಕಿ?"

"ಇದ್ರಲ್ಲಿ ಪಾಸು ಫೇಲು ಇರಲ್ಲ."

ಪಾಸೂ ಇಲ್ಲದ ಫೇಲೂ ಇಲ್ಲದ ಪರೀಕ್ಷೆಗೆ ಒಂದು ವಠಾರವೇ ನಿದ್ದೆಗೆಟ್ಟಿತ್ತು. ಆದರೂ ಮೇಡಂ ನಮ್ಮನ್ನು ಬಿಟ್ಟುಬಿಡಲಿಲ್ಲ. ಚಾಚಿಗೆ ಗೊತ್ತಿಲ್ಲದ ಬೇರೆ ಪರೀಕ್ಷೆಗಳು ಅವರ ಬಳಿ ಇದ್ದವು. ಮತ್ತೆ ಕರೆಸಿದರು, ಮತ್ತೆ ಕರೆಸಿದರು. ಕತೆ ಹೇಳಿ ಪ್ರಶ್ನೆ ಕೇಳಿದರು, ಲೆಕ್ಕವನ್ನು ಬಾಯಲ್ಲೇ ಮಾಡಿಸಿದರು. ಕಡೆಗೆ ನಾನು ಎಂದೂ ಕೇಳಿರದ ಒಂದು ಪುಟವನ್ನು ಮುಂದಿಟ್ಟು ಓದು ಎಂದರು. ನಾನು ಅತ್ತುಬಿಟ್ಟೆ. ಅಕ್ಷರಗಳು ಏನು ಮಾಡ್ತವೆ ಹೇಳು ಎಂದು ಕೇಳಿದರು. ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನನಗೆ ಹೇಗೆ ಕಾಣುತ್ತದೋ ಹಾಗೆ ಹೇಳಿದೆ.

ಫಲಿತಾಂಶದ ದಿನ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ.

"ನಿಮ್ಮ ಹುಡುಗಿ ಬುದ್ಧಿಗೇನೂ ಕಮ್ಮಿ ಇಲ್ಲ. ಅವಳ ವಯಸ್ಸಿನ ಎಷ್ಟೋ ಮಕ್ಕಳಿಗಿಂತ ಚುರುಕು. ಸೋಮಾರಿಯೂ ಅಲ್ಲ. ಓದೋದೊಂದೇ ಕಷ್ಟ. ಕೆಲವರಿಗೆ ಹುಟ್ಟಿನಿಂದಲೇ ಹಾಗಿರುತ್ತೆ. ನಮ್ಮ ಹಾಗೆ ಅಕ್ಷರ ಅವಳಿಗೆ ಹತ್ತಲ್ಲ. ಒಂದು ಕಡೆ ನಿಲ್ಲಲ್ಲ, ಸರಿದುಬಿಡ್ತವೆ ಅಂತಾಳೆ. ಬೇರೆ ರೀತಿ ಹೇಳಿಕೊಟ್ರೆ ಕಲೀತಾಳೆ."

ಅಪ್ಪ ಕೇಳಿದ:

"ಎಲ್ಲಾರಿಗೂ ಸರಿಯೂದಿಲ್ಲೇನ್ರಿ?"

ಮೇಡಂ ಅವನನ್ನೇ ನೋಡಿದರು.

"ಎಲ್ಲಾರಿಗೂ ಸರೀತಾವ, ಅವರು ಶಾಣ್ಯಾರು, ಹಿಡಕೊಂಡು ಓದ್ತಾರ, ನಾ ದಡ್ಡ, ನನ್ನ ಕೈಲೆ ಆಗವಲ್ದು ಅಂತ ತಿಳಕೊಂಡಿದ್ದೆ," ಎಂದ ಅಪ್ಪ. ಅವನ ಕೂದಲು ಆಗಲೇ ಅರ್ಧ ಬೆಳ್ಳಗಾಗಿತ್ತು.

ಮುಂದಿನ ವಾರ ಮೇಡಂ ಅಪ್ಪನನ್ನೂ ಪರೀಕ್ಷೆಗೆ ಕೂರಿಸಿದರು. ಈ ಸಲ ವಠಾರಕ್ಕೆ ಸುದ್ದಿ ಮುಟ್ಟಿಸಲಿಲ್ಲ, ನನ್ನ ಫಲಿತಾಂಶವನ್ನೂ ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ನಾನು ವರಾಂಡದಲ್ಲಿ ಕೂತಿದ್ದೆ. ಬುದ್ಧಿ ಚೊಕ್ಕಟವಾಗಿದೆ, ಮಗಳಿಗಿರುವ ತೊಂದರೆಯೇ ನಿಮಗೂ ಇದೆ ಎಂದರಂತೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಮಾಡುತ್ತೇವೆ ಎಂದು ಹಿಂದೊಮ್ಮೆ ಕರೆದಾಗ ಅಪ್ಪ ಒಲ್ಲೆ ಎಂದಿದ್ದ. ಎಂಥ ನಿಗರ್ವಿ ಎಂದು ನೆಂಟರೆಲ್ಲ ಮೆಚ್ಚಿಕೊಂಡಿದ್ದರು. ಆ ಕೆಲಸದಲ್ಲಿ ದಿನವೂ ವರದಿ ಬರೆಯಬೇಕಿತ್ತು.

"ಈ ವಯಸ್ಸಿನಾಗ ಇದನ್ನ ತಿಳಕೊಂಡು ಏನ್ ಉಪಯೋಗ್ರಿ?" ಎಂದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ.

"ಅದನ್ನ ನೀವೇ ನನಗೆ ಹೇಳ್ಬೇಕು," ಎಂದರು ಮೇಡಂ.

ಅಪ್ಪನ ಓದು ಆಮೇಲೂ ಅಷ್ಟಕ್ಕಷ್ಟೇ ಇತ್ತು. ಆದರೆ ಕಾಗದ ಕೈಗೆ ಬಂದರೆ ಕನ್ನಡಕ ಮರೆತೆ ಎನ್ನುವುದನ್ನು ಬಿಟ್ಟ. ನನಗೆ ಓದಲು ಬರುವುದಿಲ್ಲ, ಓದಿ ಹೇಳಿ ಎಂದು ನೇರವಾಗಿ ಕೇಳುತ್ತಿದ್ದ. ಹೇಗೂ ಅವನಿಗೆ ಕನ್ನಡಕ ಇರಲಿಲ್ಲ. ನನಗೆ ಮೇಡಂ ಮರಳಿನ ಮೇಲೆ ಬೆರಳಿನಿಂದ ಬರೆಸಿ, ಒಂದೊಂದೇ ಅಕ್ಷರವನ್ನು ಹೊಸದಾಗಿ ಕಲಿಸಿದರು. ಶಾಲೆಗೆ ಬಂದು ಟೀಚರ ಹತ್ತಿರವೂ ಮಾತಾಡಿದರು. ನಾನು ಪಾಸಾದೆ, ಜೋರಾಗಿ ಏನಲ್ಲ. ಈಗಲೂ ನಿಧಾನವಾಗಿ ಓದುತ್ತೇನೆ, ಬರೆಯುವುದು ಅದಕ್ಕಿಂತ ನಿಧಾನ.

ಅಪ್ಪನ ಪರೀಕ್ಷೆಯಾದ ಆ ಸಂಜೆ ನಾವು ಮನೆಗೆ ಬಂದಾಗ ಆಯಿ ಹೊಸ್ತಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಚಪ್ಪಲಿ ಬಿಟ್ಟು ಅವಳ ಎದುರಿಗೇ ನೆಲದ ಮೇಲೆ ಕೂತ.

"ಅವ್ವಾ, ಇಕಿ ಗದಗಿಗೆ ಹೋಗೂದಿಲ್ಲ. ಇಕಿ ದಡ್ಡಿ ಅಲ್ಲಂತ."

"ಹೂಂ," ಎಂದಳು ಆಯಿ, ತಲೆ ಎತ್ತದೆ.

"ನಾನೂ ದಡ್ಡ ಅಲ್ಲಂತ."

ಆಯಿಯ ಕೈ ನಿಂತಿತು.

"ಯಾರಂದ್ರು?"

"ಮೇಡಂ ಅಂದ್ರು. ಪರೀಕ್ಷಾ ಮಾಡಿ ನೋಡಿದ್ರು."

"ಮತ್ತ ಇಷ್ಟ ದಿವಸ ಯಾಕ ಹೇಳಲಿಲ್ಲ ನೀ?"

"ನನಗೂ ಇವತ್ತ ಗೊತ್ತಾತು."

ಆಯಿ ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಹಿರಿಯ ಮಗನಾದ ಅಪ್ಪ ಶಾಲೆ ಬಿಟ್ಟು ಮರಗೆಲಸಕ್ಕೆ ಹೋದದ್ದು ಹನ್ನೊಂದನೆಯ ವಯಸ್ಸಿಗೆ.

"ಭಾಳ ಹೊಡದಿದ್ದೆ ನಿನಗ," ಎಂದಳು.

"ಹೌದವ್ವಾ," ಎಂದ ಅಪ್ಪ.

ಅವ್ವ ಒಳಗಿನಿಂದ ಊಟಕ್ಕೆ ಕರೆದಳು. ಆಯಿ ಎದ್ದು, ಎಂದೂ ಇಲ್ಲದ ಹಾಗೆ ಅವ್ವನ ಕೈಯಿಂದ ಸೌಟು ತೆಗೆದುಕೊಂಡು, ಅಪ್ಪನಿಗೆ ತಾನೇ ಬಡಿಸಿದಳು. ಅವನು ಸಾಕು ಸಾಕು ಎಂದರೂ ಬಡಿಸಿದಳು.