ಮುಚ್ಚಿದ ತುಟಿಯ ಅಳು

ದೆವ್ವ ಕಂಡೆ, ಸದ್ದು ಕೇಳಿದೆ ಎಂದು ಯಾರಾದರೂ ಹೇಳಿದರೆ, ಮರುದಿನವೇ ಅವರ ನಡುಗುವ ಧ್ವನಿಯಲ್ಲಿ ಅದನ್ನು ಊರಿಗೆಲ್ಲ ಹೇಳಿ ನಗಿಸುತ್ತಿದ್ದವನು ನಾನು. ಈಗ ನನ್ನ ಸರದಿ. ನೀವು ನಗಬಹುದು. ನನ್ನ ಧ್ವನಿಯನ್ನು ಅನುಕರಿಸುವುದೂ ಕಷ್ಟವಲ್ಲ, ಒಡೆದ ಹಂಡೆಯೊಂದಿದ್ದರೆ ಸಾಕು.

ಮಂಗಲ್ಪಾಡಿಯ ನಮ್ಮ ಮನೆಗೆ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅಲ್ಲಿಯವರೆಗೆ ಮನೆಗೆ ಬಂದವರೆಲ್ಲ ಕೂರುವ ಮೊದಲೇ, "ಎಲ್ಲಿ, ಪಟೇಲರು ಕೆಮ್ಮುವುದು ಹೇಗೆ, ಒಮ್ಮೆ ಮಾಡು ಮಾರಾಯ" ಎನ್ನುತ್ತಿದ್ದರು. ಮಗು ಹುಟ್ಟಿದ ಮೇಲೆ ನನ್ನನ್ನು ದಾಟಿಕೊಂಡು ತೊಟ್ಟಿಲ ಬಳಿಗೆ ಹೋಗತೊಡಗಿದರು. ಅದಕ್ಕೆ ಬರುತ್ತಿದ್ದದ್ದು ಒಂದೇ ಒಂದು ಧ್ವನಿ! ನನ್ನ ಹೊಟ್ಟೆ ಉರಿಯಿತು. ನಾನು ಅದರ ಅಳುವನ್ನೇ ಕಲಿತು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಅಕ್ಕ ಓಡಿಬಂದು, ಮಲಗಿದ ಮಗುವನ್ನು ಕಂಡು ನನಗೆ ಬೈಯುತ್ತಿದ್ದಳು.

ಅಷ್ಟರಲ್ಲಿ ಮಗುವಿಗೆ ಕಾಮಾಲೆ ಕಂಡಿತು. ಹೆರಿಗೆಯಾದಾಗ ಅಕ್ಕನ ಮೊದಲ ಹಾಲು ಮಗುವಿಗೆ ಆಗದೆಂದು ಅಮ್ಮ ಅದನ್ನು ಹಿಂಡಿ ಚೆಲ್ಲಿಸಿ ಸಕ್ಕರೆ ನೀರು ನೆಕ್ಕಿಸಿದ್ದಳು. ಕಣ್ಣಿನ ಬಿಳಿಯೂ ಹಳದಿಯಾಯಿತು. ಎಬ್ಬಿಸಿದರೆ ಏಳದು, ಮೊಲೆ ಹಿಡಿಯದು. ಕೊನೆಗೆ ಅಳುವುದನ್ನೂ ಬಿಟ್ಟಿತು. ಕಾಸರಗೋಡಿನಿಂದ ಬಂದ ಡಾಕ್ಟರರು, "ಸಕ್ಕರೆ ನೀರು ಬೇಡವೇ ಬೇಡ. ಎಬ್ಬಿಸಿ ಎಬ್ಬಿಸಿ ತಾಯಿಯ ಹಾಲು ಕೊಡಿ. ಕುಡಿಯದಿದ್ದರೆ ಉಳಿಯುವುದು ಕಷ್ಟ ಉಂಟು" ಎಂದರು. ಆದರೆ ಚಿಂತೆಯಲ್ಲಿ ಅಕ್ಕನಿಗೆ ಹಾಲೇ ಇಳಿಯುತ್ತಿರಲಿಲ್ಲ. ನಾನು ನನ್ನ ಆಟ ನಿಲ್ಲಿಸಿದೆ. ಆದರೂ ಮನೆಯವರೆಲ್ಲ ಅದೊಂದಕ್ಕಾಗಿಯೇ ಕಣ್ಣೀರಿಡುವುದನ್ನು ಕಂಡಾಗ, ನಿಜ ಹೇಳುತ್ತೇನೆ, ಹೊಟ್ಟೆಯುರಿ ಆರಿರಲಿಲ್ಲ.

ಮರುದಿನ ಮಧ್ಯಾಹ್ನ ಅಮ್ಮ, ಅಕ್ಕ, ನಾನು ಜಗಲಿಯಲ್ಲಿದ್ದೆವು. ಒಳಗಿನಿಂದ ಹಸಿದ ಮಗುವಿನ ಅಳು ಕೇಳಿತು.

"ಎಂತದಾ ಮಂಗ, ಈಗಲೂ ಇದೇ ಆಟವಾ ನಿಂಗೆ?" ಎಂದು ಅಕ್ಕ ನನ್ನತ್ತ ತಿರುಗಿದಳು.

ನನ್ನ ಬಾಯಿ ತುಂಬ ಅವಲಕ್ಕಿ ಇತ್ತು.

"ಅವನಲ್ಲ" ಎಂದು ಅಮ್ಮ ಎದ್ದಳು.

ಒಳಗೆ ಓಡಿದೆವು. ಮಗು ತುಟಿ ಮುಚ್ಚಿ ನಿದ್ರಿಸುತ್ತಿತ್ತು. ಅಳು ಮಾತ್ರ ತೊಟ್ಟಿಲಿನಿಂದಲೇ ಬರುತ್ತಿತ್ತು. ನೋಡುತ್ತಿದ್ದಂತೆ ಅಕ್ಕನ ರವಕೆ ಒದ್ದೆಯಾಯಿತು. ಅವಳು ಮಗುವನ್ನೆತ್ತಿ ಅದರ ತುಟಿಗೆ ಹಾಲಿನ ಹನಿ ಬೀಳಿಸಿದಳು. ಅಳು ನಿಂತಿತು. ಮಗು ಚಪ್ಪರಿಸಿತು, ಬಾಯಿ ತೆರೆಯಿತು, ಮೊಲೆ ಹಿಡಿಯಿತು.

ಆ ಪೋರ ಈಗ ನನ್ನನ್ನೇ ಅನುಕರಿಸಿ ಮಂದಿಯನ್ನು ನಗಿಸುತ್ತಾನೆ. ಅದನ್ನಾದರೂ ಸಹಿಸಿಕೊಂಡೇನು. ಅಂದಿನ ಅಳು ಯಾರದೆಂದು ಮಾತ್ರ ನನಗಿನ್ನೂ ತಿಳಿದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎಷ್ಟೋ ಸಲ ಹಾಗೆಯೇ ಅತ್ತು ನೋಡಿದ್ದೇನೆ. ಅದು ನನಗೆ ಬರುವುದಿಲ್ಲ. ಅತ್ತವರು ಯಾರೇ ಇರಲಿ, ನನಗಿಂತ ಚೆನ್ನಾಗಿ ಅತ್ತರು.